ಮೂಗಿನ ಹಿತ್ತಿಲ ಬಾಗಿಲು

ರಾತ್ರಿ ಮನೆಯ ದೀಪಗಳೆಲ್ಲ ಆರಿ, ಬೀದಿಯ ಸದ್ದು ಅಡಗಿ, ಎಲ್ಲರಿಗೂ ಇನ್ನೇನು ಕಣ್ಣು ಹತ್ತಿತು ಎನ್ನುವ ಹೊತ್ತಿಗೆ ಸರಿಯಾಗಿ ನಡುಕೋಣೆಯಿಂದ ನಮ್ಮ ಸೋದರತ್ತೆಯವರ ಕೆಮ್ಮು ಆರಂಭವಾಗುತ್ತಿತ್ತು. ಮೊದಲು ಗಂಟಲನ್ನು ಸರಿಮಾಡಿಕೊಳ್ಳುವಂತಹ ಒಂದೆರಡು ಸಣ್ಣ ಸದ್ದು, ಆಮೇಲೆ ಬಿಡುವಿಲ್ಲದ ಕೆಮ್ಮು, ಕಡೆಗೆ ಎದ್ದು ಗೋಡೆಗೆ ಒರಗಿ ಕುಳಿತುಕೊಳ್ಳುವುದು. ಕುಳಿತರೆ ಶಮನ, ಮಲಗಿದರೆ ಮತ್ತೆ ಮೊದಲಿನಂತೆ. ಹೀಗೆ ನಾಲ್ಕು ತಿಂಗಳು ಕಳೆಯಿತು. ಅವರ ತಲೆದೆಸೆಯ ಗೂಡಿನಲ್ಲಿ ಮೂರು ಬಗೆಯ ಕೆಮ್ಮಿನ ಸಿರಪ್ಪಿನ ಸೀಸೆಗಳು, ಕಲ್ಲುಸಕ್ಕರೆಯ ಡಬ್ಬಿ, ಜೇಷ್ಠಮಧುವಿನ ಕಡ್ಡಿ, ಲವಂಗದ ಪೊಟ್ಟಣ ಇವೆಲ್ಲ ಸಾಲಾಗಿ ಸೇರಿಕೊಂಡಿದ್ದವು. ಎದೆಯ ಎಕ್ಸ್-ರೇ ತೆಗೆಸಿದ್ದಾಯಿತು, ಕಫ ಪರೀಕ್ಷೆ ಮಾಡಿಸಿದ್ದಾಯಿತು. ಎರಡರಲ್ಲಿಯೂ ದೋಷ ಕಾಣಲಿಲ್ಲ. ದೋಷವಿಲ್ಲವೆಂದು ಕೇಳಿ ಮನೆಯವರಿಗೆ ಸಮಾಧಾನವಾಯಿತೇ ಹೊರತು ಅವರಿಗೆ ನಿದ್ರೆ ಬರಲಿಲ್ಲ.

ಕಡೆಗೊಂದು ದಿನ ಕಿವಿ, ಮೂಗು, ಗಂಟಲಿನ ವೈದ್ಯರೊಬ್ಬರಲ್ಲಿಗೆ ಅವರನ್ನು ಕರೆದುಕೊಂಡು ಹೋದೆ. ವಯಸ್ಸಾದ ಆ ವೈದ್ಯರು ಎದೆಗೆ ಸ್ಟೆತಾಸ್ಕೋಪು ಇಡುವುದಕ್ಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದರು: "ಬೆಳಿಗ್ಗೆ ಎದ್ದ ಕೂಡಲೆ ಗಂಟಲು ಕ್ಯಾಕರಿಸ್ತೀರಾ, ತಾಯಿ?"

"ಕ್ಯಾಕರಿಸದೆ ಇದ್ದರೆ ಮಾತೇ ಹೊರಡೋದಿಲ್ಲ ಡಾಕ್ಟ್ರೇ. ಹಗಲೆಲ್ಲ ಗಂಟಲ ಹಿಂದೆ ಏನೋ ತೊಟ್ಟಿಕ್ಕಿದ ಹಾಗೆ ಇರುತ್ತೆ," ಎಂದರು ಅತ್ತೆ.

ವೈದ್ಯರು ನಾಲಗೆಯನ್ನು ಒತ್ತಿಹಿಡಿದು, ಬೆಳಕು ಬಿಟ್ಟು, ನನ್ನನ್ನೂ ಹತ್ತಿರ ಕರೆದು ತೋರಿಸಿದರು. ಕಿರುನಾಲಗೆಯ ಹಿಂದೆ ಗಂಟಲಿನ ಗೋಡೆಯು ನುಣುಪಾಗಿರುವುದರ ಬದಲು, ನೆನೆಸಿದ ಸಬ್ಬಕ್ಕಿಯನ್ನು ಹರಡಿದಂತೆ ಗುಳ್ಳೆಗುಳ್ಳೆಯಾಗಿತ್ತು. ಅಂಗುಳಿನ ಮರೆಯಿಂದ ಹೊರಟ ಲೋಳೆಯ ಎಳೆಯೊಂದು ಬೆಳಕಿಗೆ ಹೊಳೆಯುತ್ತ ಆ ಗೋಡೆಗುಂಟ ಕೆಳಕ್ಕೆ ಇಳಿದಿತ್ತು. "ಕೆಮ್ಮೋದು ಗಂಟಲು, ಕೆಮ್ಮಿಸೋದು ಮೂಗು. ನಾಲ್ಕು ತಿಂಗಳು ಗಂಟಲಿಗೆ ಔಷಧ ಕುಡಿದಿದೀರಿ; ಮೂಗನ್ನ ಯಾರೂ ವಿಚಾರಿಸಲಿಲ್ಲ," ಎಂದರು. ನಾನು ಇಲ್ಲಿ ಬರೆಯಹೊರಟಿರುವುದು ಅವರ ಆ ಎರಡು ಮಾತಿನ ವಿಸ್ತರಣೆಯೇ. ಏಕೆಂದರೆ ಇಂತಹ ಕೆಮ್ಮು ಎಷ್ಟೋ ಮನೆಗಳಲ್ಲಿ ಉಂಟು, ಮತ್ತು ಎಷ್ಟೋ ಮನೆಗಳಲ್ಲಿ ಅದಕ್ಕೆ ಸಲ್ಲತಕ್ಕ ಚಿಕಿತ್ಸೆಯು ಸಲ್ಲದ ಜಾಗದಲ್ಲಿ ನಡೆಯುತ್ತಿದೆ.

ಮೂಗನ್ನು ನಾವು ಗಾಳಿಯ ಹಾದಿಯೆಂದಷ್ಟೇ ಬಲ್ಲೆವು. ಅದರ ಶ್ರಮವನ್ನು ಅರಿತವರು ಕಡಮೆ. ಹೊರಗಿನ ಗಾಳಿ ಎಷ್ಟೇ ಶುಷ್ಕವಾಗಿರಲಿ, ಎಷ್ಟೇ ತಣ್ಣಗಿರಲಿ, ಎಷ್ಟೇ ಧೂಳಿನಿಂದ ಕೂಡಿರಲಿ, ಅದನ್ನು ಬೆಚ್ಚಗೆ ಮಾಡಿ, ತೇವಗೊಳಿಸಿ, ಸೋಸಿ ಶ್ವಾಸಕೋಶಕ್ಕೆ ಒಪ್ಪಿಸತಕ್ಕ ಹೊಣೆ ಅದರದು. ಈ ಕಾರ್ಯಕ್ಕಾಗಿ ಮೂಗಿನ ಒಳಪೊರೆಯೂ, ಅದರ ಸುತ್ತಲಿನ ಎಲುಬುಗಳೊಳಗಿರುವ ಸೈನಸ್ ಎಂಬ ಗೂಡುಗಳ ಒಳಪೊರೆಯೂ ಕೂಡಿ ದಿನವೊಂದಕ್ಕೆ ಸುಮಾರು 1 ಲೀಟರಿನಷ್ಟು ಶ್ಲೇಷ್ಮವನ್ನು ಸ್ರವಿಸುತ್ತವೆ. ಆ ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ರೋಮಗಳು ಒತ್ತೊತ್ತಾಗಿ ಬೆಳೆದಿದ್ದು, ಗಾಳಿ ಬೀಸಿದಾಗ ಬತ್ತದ ಗದ್ದೆಯ ಮೇಲೆ ಅಲೆ ಹರಿಯುವಂತೆ, ಸೆಕೆಂಡಿಗೆ 10ರಿಂದ 15 ಸಲ ಒಂದೇ ದಿಕ್ಕಿಗೆ ಬಾಗಿ ಏಳುತ್ತ, ಮೇಲಿನ ಲೋಳೆಯ ಹಾಸನ್ನು ನಿಮಿಷಕ್ಕೆ ಸುಮಾರು 6 ಮಿಲಿಮೀಟರಿನಂತೆ ಹಿಂದಕ್ಕೆ, ಗಂಟಲಿನ ಕಡೆಗೆ ಸಾಗಿಸುತ್ತವೆ. ಮೂಗಿನ ಮುಂಭಾಗದಲ್ಲಿ ಸ್ಯಾಕರಿನ್ನಿನ ಒಂದು ಕಣವನ್ನಿಟ್ಟು, ನಾಲಗೆಗೆ ಸಿಹಿ ತಿಳಿಯಲು ಎಷ್ಟು ಹೊತ್ತು ಹಿಡಿಯಿತೆಂದು ನೋಡುವ ಪರೀಕ್ಷೆಯೊಂದುಂಟು. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 20 ನಿಮಿಷದೊಳಗೆ ಸಿಹಿ ತಿಳಿಯುತ್ತದೆ. ಅಂದಮೇಲೆ ಮೂಗಿನ ನೀರು ಗಂಟಲಿಗೆ ಇಳಿಯುವುದು ರೋಗವಲ್ಲ, ಅದು ನಿತ್ಯದ ವ್ಯವಹಾರ. ನಾವು ತಿಳಿಯದೆಯೇ ಅದನ್ನು ನುಂಗುತ್ತೇವೆ, ಹೊಟ್ಟೆಯ ಆಮ್ಲವು ಅದರಲ್ಲಿ ಸಿಕ್ಕಿಬಿದ್ದ ಧೂಳನ್ನೂ ಕ್ರಿಮಿಯನ್ನೂ ಬಗೆಹರಿಸುತ್ತದೆ.

ಸಿಂಬಳವೆಂದರೆ ಹೇಸಿಕೊಳ್ಳುವುದು ನಮ್ಮ ಅಭ್ಯಾಸ. ಆದರೆ ಪೆನಿಸಿಲಿನ್ನನ್ನು ಕಂಡುಹಿಡಿಯುವುದಕ್ಕೆ ಎಷ್ಟೋ ವರ್ಷ ಮೊದಲು, ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ನೆಗಡಿಯ ಮೂಗಿನ ಲೋಳೆಯನ್ನು ಬ್ಯಾಕ್ಟೀರಿಯಾ ಬೆಳೆದ ತಟ್ಟೆಗೆ ಹಾಕಿ, ಅವು ಕರಗಿಹೋಗುವುದನ್ನು ಕಂಡು, ಅದರೊಳಗಿನ ಲೈಸೋಜೈಮ್ ಎಂಬ ರಕ್ಷಕ ದ್ರವ್ಯವನ್ನು 1922ರಲ್ಲಿ ಲೋಕಕ್ಕೆ ತಿಳಿಸಿದನು. ನಾವು ಹೇಸುವ ವಸ್ತುವು ನಮ್ಮ ಹೊರಕೋಟೆಯ ಕಂದಕವೆಂದು ತಿಳಿದರೆ, ಅದನ್ನು ಒಣಗಿಸಿಬಿಡುವ ಆತುರ ಸ್ವಲ್ಪ ತಗ್ಗೀತು.

ಈ ನೀರು ಎಲ್ಲಿಂದ ಬರುತ್ತದೆ ಎಂಬ ವಿಷಯದಲ್ಲಿ ಬಹುಕಾಲದ ಭ್ರಾಂತಿಯೊಂದಿತ್ತು. ಮೆದುಳಿನಲ್ಲಿ ಹುಟ್ಟಿದ ಕಶ್ಮಲವು ಮೂಗಿನ ಮೇಲ್ಛಾವಣಿಯ ಜರಡಿಯಂತಹ ಎಲುಬಿನ ರಂಧ್ರಗಳಿಂದ ಸೋರಿ ಇಳಿಯುತ್ತದೆಂದು ಯೂರೋಪಿನ ಪ್ರಾಚೀನ ವೈದ್ಯರು ನಂಬಿದ್ದರು. ವಿಟೆನ್‌ಬರ್ಗಿನ ಕಾನ್ರಾಡ್ ವಿಕ್ಟರ್ ಷ್ನೈಡರ್ ಎಂಬ ವೈದ್ಯನು 1660ರಿಂದ ಪ್ರಕಟವಾದ ತನ್ನ ಗ್ರಂಥದಲ್ಲಿ, ಶ್ಲೇಷ್ಮ ಹುಟ್ಟುವುದು ಮೂಗಿನ ಪೊರೆಯಲ್ಲಿಯೇ ಹೊರತು ಮೆದುಳಿನಲ್ಲಲ್ಲವೆಂದು ಸ್ಥಾಪಿಸಿದನು. ನಮ್ಮಲ್ಲಿಯೂ ತಲೆಗೆ ನೀರು ಹಾಕಿಕೊಂಡು ಒರಸಿಕೊಳ್ಳದೆ ಇದ್ದರೆ "ನೆತ್ತಿಯಿಂದ ನೀರು ಇಳಿಯುತ್ತೆ" ಎಂದು ಅಜ್ಜಿಯರು ಗದರಿಸುತ್ತಿದ್ದುದುಂಟು. ನೆತ್ತಿಯ ಮೂಳೆಯನ್ನು ದಾಟಿ ನೀರು ಇಳಿಯುವುದಿಲ್ಲವೆಂಬುದು ನಿಜ, ಆದರೆ ಮೇಲಿನಿಂದ ಇಳಿದದ್ದು ಕೆಳಗೆ ಕೆಮ್ಮಾಗುತ್ತದೆಂಬ ಅವರ ಅನುಭವದಲ್ಲಿ ಸುಳ್ಳೇನೂ ಇರಲಿಲ್ಲ.

ಹಾಗಾದರೆ ನಿತ್ಯ ನಡೆಯುವ ಈ ಇಳಿತವು ಕೆಮ್ಮಾಗುವುದು ಯಾವಾಗ? ಲೋಳೆಯ ಪ್ರಮಾಣ ಹೆಚ್ಚಿದಾಗ, ಅಥವಾ ಪ್ರಮಾಣ ಅಷ್ಟೇ ಇದ್ದು ಅದು ಗಟ್ಟಿಯಾಗಿ ಅಂಟಾದಾಗ, ಇಲ್ಲವೆ ಗಂಟಲಿನ ನರಗಳೇ ಕೆರಳಿ ಸೂಕ್ಷ್ಮವಾದಾಗ. ಧ್ವನಿಪೆಟ್ಟಿಗೆಯ ಸುತ್ತಲೂ ಶ್ವಾಸನಾಳದುದ್ದಕ್ಕೂ ವೇಗಸ್ ಎಂಬ ದೀರ್ಘನರದ ತುದಿಗಳು ಕಾವಲು ಕುಳಿತಿವೆ. ಅನ್ಯವಸ್ತು ಸೋಂಕಿದೊಡನೆಯೇ ಅವು ಮೆದುಳಿನ ಬುಡಕ್ಕೆ ಸುದ್ದಿ ಮುಟ್ಟಿಸುತ್ತವೆ, ಅಲ್ಲಿಂದ ಕೆಮ್ಮಿನ ಆಜ್ಞೆ ಹೊರಡುತ್ತದೆ. ಹಗಲಿನಲ್ಲಿ ನಾವು ನೆಟ್ಟಗಿದ್ದು ಪದೇ ಪದೇ ಉಗುಳು ನುಂಗುವುದರಿಂದ ಲೋಳೆ ಅನ್ನನಾಳದ ಪಾಲಾಗುತ್ತದೆ. ರಾತ್ರಿ ಅಂಗಾತ ಮಲಗಿದಾಗ ನುಂಗುವುದು ಬಹುಮಟ್ಟಿಗೆ ನಿಂತು, ಅದು ಗಂಟಲಿನ ಹಿಂಗೋಡೆಯಲ್ಲಿಯೇ ಮಡುಗಟ್ಟಿ ಕಾವಲುನರಗಳನ್ನು ಕೆಣಕುತ್ತದೆ. ಲೋಳೆ ಇಳಿಯುವವರೆಲ್ಲರೂ ಕೆಮ್ಮುವುದಿಲ್ಲ, ಕೆಮ್ಮುವವರೆಲ್ಲರಿಗೂ ಇಳಿಯುವುದು ತಿಳಿಯುವುದೂ ಇಲ್ಲ. ಈ ಕಾರಣದಿಂದಲೇ ಅಮೆರಿಕದ ಎದೆರೋಗತಜ್ಞರ ಸಂಸ್ಥೆಯು 2006ರಲ್ಲಿ ಇದರ ಹಳೆಯ ಹೆಸರನ್ನು ಬಿಟ್ಟು, ಮೇಲಿನ ಶ್ವಾಸಮಾರ್ಗದ ಕೆಮ್ಮು ಎಂಬರ್ಥದ ಹೊಸ ಹೆಸರನ್ನಿಟ್ಟಿತು.

ಕಾರಣಗಳಲ್ಲಿ ಮೊದಲನೆಯದು ಸಾಮಾನ್ಯವಾದ ನೆಗಡಿ. ನೆಗಡಿ ಹೋದರೂ ಅದರ ಕೆಮ್ಮು ಸರಾಸರಿ 18 ದಿನದಷ್ಟು ಉಳಿಯುತ್ತದೆಂದು ವೈದ್ಯರು ಲೆಕ್ಕ ಹಾಕಿದ್ದಾರೆ. ಒಂದು ವಾರದಲ್ಲಿ ನಿಲ್ಲಲಿಲ್ಲವೆಂದು ದಿಗಿಲುಬಿದ್ದು ಆಂಟಿಬಯಾಟಿಕ್ ಕೇಳಿ ಪಡೆಯುವುದು ಈ ಲೆಕ್ಕವನ್ನು ಅರಿಯದಿರುವುದರ ಫಲ. ಎರಡನೆಯದು ಅಲರ್ಜಿ: ಹಾಸಿಗೆ ದಿಂಬುಗಳ ಧೂಳುಹುಳು, ಜಿರಲೆ, ಗೋಡೆಯ ಬೂಷ್ಟು, ಪರಾಗ. 1955ರಲ್ಲಿ ಪುಣೆಯಲ್ಲಿ ಕಂಡುಬಂದು ಮುಂದೆ ನಮ್ಮ ನಾಡಿನ ಬಯಲು, ರಸ್ತೆಯಂಚು, ಖಾಲಿ ನಿವೇಶನಗಳನ್ನೆಲ್ಲ ಆವರಿಸಿದ ಕಾಂಗ್ರೆಸ್ ಗಿಡದ ಪರಾಗದಿಂದ ಎಷ್ಟು ಮೂಗುಗಳು ನೊಂದಿವೆಯೆಂಬುದನ್ನು ಬೆಂಗಳೂರಿನಲ್ಲಿ ಬಾಳಿದವರಿಗೆ ಬೇರೆ ಹೇಳಬೇಕಾಗಿಲ್ಲ. ಮೂರನೆಯದು ಸೈನಸ್ಸಿನ ಉರಿಯೂತ. ಕೆನ್ನೆಯ ಎಲುಬಿನೊಳಗಿನ ಗೂಡಿನ ಕಿಂಡಿಯು ತಳದಲ್ಲಿರದೆ ಮೇಲ್ಭಾಗದಲ್ಲಿದೆ. ಆ ಗೂಡಿನ ಲೋಳೆಯನ್ನು ಸೂಕ್ಷ್ಮರೋಮಗಳು ಬಾವಿಯಿಂದ ನೀರು ಸೇದುವಂತೆ ಮೇಲಕ್ಕೇರಿಸಿ ಹೊರದೂಡಬೇಕು. ಪೊರೆ ಊದಿ ಕಿಂಡಿ ಮುಚ್ಚಿತೆಂದರೆ ಅದು ಒಳಗೇ ನಿಂತು ಕೊಳೆಯುತ್ತದೆ. ಇವಲ್ಲದೆ ಮೂಗಿನ ನಡುಗೋಡೆಯ ಸೊಟ್ಟ, ಗರ್ಭಿಣಿಯರ ಮೂಗುಕಟ್ಟು, ಊದುಬತ್ತಿ ಮತ್ತು ಸಿಗರೇಟಿನ ಹೊಗೆ, ಒಣಮೆಣಸಿನಕಾಯಿಯ ಒಗ್ಗರಣೆಯ ಘಾಟು ಇವೂ ಸೇರುತ್ತವೆ.

ಪರಿಹಾರದಲ್ಲಿ ಅತ್ಯಂತ ಸರಳವೂ, ನನ್ನ ಅಭಿಪ್ರಾಯದಲ್ಲಿ ಅತ್ಯಂತ ಉಪೇಕ್ಷಿತವೂ ಆದದ್ದು ಉಪ್ಪುನೀರಿನಿಂದ ಮೂಗನ್ನು ತೊಳೆಯುವುದು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ಹೇಳಿದ ಷಟ್ಕರ್ಮಗಳಲ್ಲಿ ನೇತಿಯೂ ಒಂದು. ಅಲ್ಲಿರುವುದು ದಾರದ ನೇತಿ, ಯೋಗಶಾಲೆಗಳಲ್ಲಿ ಇಂದು ಕಲಿಸುವ ಜಲನೇತಿ ಅದರ ಸೌಮ್ಯರೂಪ. ಅತ್ತೆಯವರು ಮೊದಲ ದಿನ ಇದನ್ನು ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ನೀರನ್ನು ಕುದಿಸಿ, ಮುಚ್ಚಿಟ್ಟು ಆರಿಸಿ, ಮುಂಗೈ ಮೇಲೆ ಎರಡು ಹನಿ ಬಿಟ್ಟುಕೊಂಡು ಹದ ನೋಡಿದರು. ಕಾಲು ಲೀಟರ್ ನೀರಿಗೆ ಅರ್ಧ ಚಹಾಚಮಚಕ್ಕೆ ಸ್ವಲ್ಪ ಕಡಮೆಯಾಗಿ, ಅಯೋಡಿನ್ ಬೆರೆಸದ ಶುದ್ಧವಾದ ಉಪ್ಪು, ಜೊತೆಗೆ ಒಂದು ಚಿಟಿಕೆ ಅಡುಗೆ ಸೋಡಾ. ಇಷ್ಟು ಬೆರೆಸಿದರೆ ನೀರು ಕಣ್ಣೀರಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ನೀರಾದರೆ ಮೂಗು ಉರಿಯುತ್ತದೆ, ಅತಿಯಾದರೂ ಉರಿಯುತ್ತದೆ. ಅಳತೆಯ ಪೊಟ್ಟಣಗಳು ಔಷಧದ ಅಂಗಡಿಯಲ್ಲಿಯೂ ದೊರೆಯುತ್ತವೆ. ಬಚ್ಚಲಿನ ಬೇಸಿನ್ನಿನ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಂದ ಉಸಿರಾಡುತ್ತ, ಕೊಂಬಿನ ಗಿಂಡಿಯ ಮೂತಿಯನ್ನು ಮೇಲಿನ ಹೊಳ್ಳೆಗೆ ಇಟ್ಟರು. ಮೊದಲು ಏನೂ ಆಗಲಿಲ್ಲ. ಆಮೇಲೆ ಕೆಳಗಿನ ಹೊಳ್ಳೆಯಿಂದ ನೀರು ಹನಿಹನಿಯಾಗಿ, ಬಳಿಕ ಸಣ್ಣ ಧಾರೆಯಾಗಿ ಬಂದು, ಅದರೊಡನೆ ಗೋಂದಿನಂತಹ ಹಳದಿ ಎಳೆಯೊಂದು ಜಾರಿ ಬೇಸಿನ್ನಿಗೆ ಬಿತ್ತು. ಅತ್ತೆ ತಲೆಯೆತ್ತಿ, ಬಹಳ ಹೊತ್ತು ಮೂಗಿನಿಂದ ಉಸಿರೆಳೆದುಕೊಂಡು, "ಇಷ್ಟು ಗಾಳಿ ಇತ್ತೇನೋ ಇಲ್ಲಿ!" ಎಂದರು.

ಇದರಲ್ಲಿ ಎಚ್ಚರ ತಪ್ಪಬಾರದ ವಿಷಯ ಒಂದೇ: ನಲ್ಲಿಯ ನೀರನ್ನಾಗಲಿ ಬಾವಿಯ ನೀರನ್ನಾಗಲಿ ಕುದಿಸದೆ ಬಳಸಕೂಡದು. ಬೆಚ್ಚನೆಯ ಸಿಹಿನೀರಿನಲ್ಲಿ ವಾಸಿಸುವ ನೈಗ್ಲೇರಿಯಾ ಫೌಲೆರಿ ಎಂಬ ಅಮೀಬವನ್ನು ಕುಡಿದರೆ ಅಪಾಯವಿಲ್ಲ. ಆದರೆ ಮೂಗಿನಲ್ಲಿ ಮೇಲಕ್ಕೆ ಹೊಕ್ಕರೆ, ಪ್ರಾಚೀನರು ಯಾವ ಜರಡಿಯೆಲುಬಿನಿಂದ ಶ್ಲೇಷ್ಮ ಕೆಳಗಿಳಿಯುತ್ತದೆಂದು ನಂಬಿದ್ದರೋ ಅದೇ ಜರಡಿಯ ರಂಧ್ರಗಳ ಮೂಲಕ ಘ್ರಾಣನರವನ್ನು ಹಿಡಿದು ಮೆದುಳಿಗೆ ಏರುತ್ತದೆ. 2011ರಲ್ಲಿ ಅಮೆರಿಕದ ಲೂಸಿಯಾನಾ ಪ್ರಾಂತ್ಯದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ಹೀಗೆ ಮೃತಪಟ್ಟರು. ಅಪರೂಪದ ರೋಗವೇ ಸರಿ, ಆದರೆ ನೀರು ಮರಳಿದ ಮೇಲೆ 1 ನಿಮಿಷ ಕುದಿಸಿದರೆ ತಪ್ಪುವ ಸಾವನ್ನು ಏಕೆ ಬರಮಾಡಿಕೊಳ್ಳಬೇಕು? ಪಾತ್ರೆಯನ್ನೂ ಪ್ರತಿಸಲ ತೊಳೆದು ಒಣಗಿಸಿಡತಕ್ಕದ್ದು. ತೊಳೆದ ಮೇಲೆ ಎರಡೂ ಹೊಳ್ಳೆಗಳನ್ನು ಮುಚ್ಚಿಕೊಂಡು ಜೋರಾಗಿ ಸೀಟುವುದು ಬೇಡ, ನೀರು ಕಿವಿಯ ಕಡೆಗೆ ಹೋಗುತ್ತದೆ. ಕಿವಿನೋವಿದ್ದಾಗ, ಮೂಗು ಪೂರ್ತಿ ಕಟ್ಟಿದ್ದಾಗ, ಮೂಗು ಕಿವಿಗಳ ಶಸ್ತ್ರಚಿಕಿತ್ಸೆಯಾದ ಹೊಸದರಲ್ಲಿ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಅಲರ್ಜಿಯ ಮೂಗಾದರೆ ತೊಳೆಯುವುದರ ಜೊತೆಗೆ ಮೂಗಿನ ಸ್ಪ್ರೇ ಬೇಕಾಗುತ್ತದೆ. ಫ್ಲೂಟಿಕಾಸೋನ್, ಮೊಮೆಟಾಸೋನ್ ಮುಂತಾದ ಇವು ಸ್ಟೆರಾಯ್ಡ್ ಜಾತಿಯವು. ಆ ಹೆಸರು ಕೇಳಿ ಹೆದರುವವರು ಬಹಳ, ಆದರೆ ಇವು ಮೂಗಿನಲ್ಲಿಯೇ ಕೆಲಸ ಮಾಡುತ್ತವೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ನಾನು ಕಂಡಂತೆ ಇವು ವಿಫಲವಾಗುವುದಕ್ಕೆ ಕಾರಣ ಎರಡು. ಒಂದು, ಎರಡು ದಿನ ಹಾಕಿ ಗುಣ ಕಾಣಲಿಲ್ಲವೆಂದು ಬಿಡುವುದು. ಇವುಗಳ ಪೂರ್ಣಫಲ ತಿಳಿಯಲು 1ರಿಂದ 2 ವಾರ ಬೇಕು. ಇನ್ನೊಂದು, ಮೂತಿಯನ್ನು ನಡುಗೋಡೆಯ ಕಡೆಗೆ ತಿರುಗಿಸುವುದು; ಆಗ ಔಷಧ ವ್ಯರ್ಥವಾಗುವುದಲ್ಲದೆ ರಕ್ತವೂ ಒಸರುತ್ತದೆ. ಎಡಹೊಳ್ಳೆಗೆ ಬಲಗೈಯಿಂದ, ಬಲಹೊಳ್ಳೆಗೆ ಎಡಗೈಯಿಂದ ಹಿಡಿದರೆ ಮೂತಿಯು ತಾನಾಗಿ ಕಿವಿಯ ಕಡೆಗೆ, ಹೊರಕ್ಕೆ ತಿರುಗುತ್ತದೆ. ಮೂಗು ಕೂಡಲೆ ಬಿಟ್ಟುಕೊಳ್ಳುವಂತೆ ಮಾಡುವ ಆಕ್ಸಿಮೆಟಜೋಲಿನ್, ಕ್ಸೈಲೋಮೆಟಜೋಲಿನ್ ಹನಿಗಳ ವಿಷಯ ಬೇರೆ. ಅವನ್ನು ಕೆಲವೇ ದಿನ, 3ರಿಂದ 5 ದಿನಕ್ಕೆ ಮೀರದಂತೆ ಹಾಕಬೇಕು. ಮೀರಿದರೆ ಮೂಗು ಆ ಹನಿಗಾಗಿಯೇ ಕಟ್ಟಿಕೊಳ್ಳಲು ಕಲಿಯುತ್ತದೆ. ವರ್ಷಗಟ್ಟಲೆ ಜೇಬಿನಲ್ಲಿ ಆ ಸೀಸೆಯನ್ನಿಟ್ಟುಕೊಂಡು ತಿರುಗುವವರನ್ನು ಕಂಡು ನನಗೆ ಮರುಕವಾಗಿದೆ. ಕ್ಲೋರ್‌ಫೆನಿರಮಿನ್‌ನಂತಹ ಹಳೆಯ ಮಾತ್ರೆಗಳು ಲೋಳೆಯನ್ನು ಒಣಗಿಸಿ ರಾತ್ರಿಯ ಕೆಮ್ಮನ್ನು ಇಳಿಸುವುದುಂಟು, ಆದರೆ ತೂಕಡಿಕೆ ತರುತ್ತವೆ. ಮೂತ್ರ ಕಟ್ಟುವ ತೊಂದರೆಯಿರುವ ವೃದ್ಧರೂ, ಗ್ಲಾಕೋಮದವರೂ ಅವನ್ನು ವೈದ್ಯರ ಅನುಮತಿಯಿಲ್ಲದೆ ತೆಗೆದುಕೊಳ್ಳಲಾಗದು.

ಮನೆಮದ್ದುಗಳನ್ನು ನಾನು ಕಡೆಗಣಿಸುವವನಲ್ಲ. ಚರಕನು ಕಾಸವನ್ನು ಐದು ಬಗೆಯಾಗಿ ವಿಂಗಡಿಸಿದ ಕಾಲದಿಂದ ಈ ನಾಡು ಕೆಮ್ಮನ್ನು ಗಮನಿಸುತ್ತ ಬಂದಿದೆ. ಆಡು ಮುಟ್ಟದ ಸೊಪ್ಪಿಲ್ಲವೆಂಬ ಗಾದೆಗೆ ಹೊರತಾದದ್ದೆಂದು ಹೇಳುವ ಆಡುಸೋಗೆಯ ಎಲೆಯಲ್ಲಿ ವ್ಯಾಸಿಸಿನ್ ಎಂಬ ಸತ್ವವಿದ್ದು, ಕಫವನ್ನು ತೆಳುಮಾಡುವ ಬ್ರೋಮ್‌ಹೆಕ್ಸಿನ್ ಎಂಬ ಇಂದಿನ ಔಷಧಕ್ಕೆ ಅದೇ ಮೂಲವಾಯಿತು. ಗರ್ಭಿಣಿಯರು ಮಾತ್ರ ಅದನ್ನು ಸೇವಿಸಬಾರದು. ಜೇನುತುಪ್ಪದ ಗುಣವನ್ನು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 105 ಮಕ್ಕಳ ಮೇಲೆ ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದರು: ಮಲಗುವ ಮುನ್ನ ಜೇನು ನೆಕ್ಕಿದ ಮಕ್ಕಳ ರಾತ್ರಿಯ ಕೆಮ್ಮು, ಏನನ್ನೂ ಕೊಡದ ಮಕ್ಕಳದಕ್ಕಿಂತ ಹೆಚ್ಚಾಗಿ ತಗ್ಗಿತು. ಆದರೆ 1 ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಲೇಬಾರದು; ಅದರಲ್ಲಿರಬಹುದಾದ ಬೊಟುಲಿಸಮ್ ರೋಗಬೀಜವು ಎಳೆಯ ಕರುಳಿನಲ್ಲಿ ಮೊಳೆಯಬಲ್ಲುದು. ಜೇಷ್ಠಮಧುವನ್ನು ತಿಂಗಳುಗಟ್ಟಲೆ ಅಗಿದರೆ ರಕ್ತದೊತ್ತಡ ಏರುತ್ತದೆ. ಅತ್ತೆಯವರ ಗೂಡಿನಿಂದ ವೈದ್ಯರು ಮೊದಲು ತೆಗೆಸಿದ್ದು ಆ ಕಡ್ಡಿಯನ್ನೇ. ಮೆಣಸಿನ ಸಾರು, ಶುಂಠಿ ಕಷಾಯ, ದೊಡ್ಡಪತ್ರೆಯ ತಂಬುಳಿ ಇವು ಗಂಟಲನ್ನು ತೋಯಿಸಿ ಲೋಳೆಯನ್ನು ಸಡಿಲಿಸುವಷ್ಟು ಉಪಕಾರ ಮಾಡುತ್ತವೆ. ಹಬೆ ತೆಗೆದುಕೊಂಡರೂ ಆ ಹೊತ್ತಿಗೆ ಹಿತವೇ, ಆದರೆ ಮಕ್ಕಳ ಮುಂದೆ ಕುದಿನೀರಿನ ಪಾತ್ರೆಯಿಟ್ಟು ಕಂಬಳಿ ಹೊದಿಸುವುದನ್ನು ದಯಮಾಡಿ ನಿಲ್ಲಿಸಿರಿ; ಆ ಸುಟ್ಟಗಾಯಗಳು ನೆಗಡಿಗಿಂತ ಎಷ್ಟೋ ಘೋರ.

ಮಕ್ಕಳ ಮಾತು ಬಂದುದರಿಂದ ಇನ್ನೊಂದನ್ನು ಹೇಳಲೇಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡ ಜಿಲ್ಲೆಯಲ್ಲಿ, ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಎಳೆಯ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ತಾಯಂದಿರು ಔಷಧವೆಂದು ನಂಬಿ ತಮ್ಮ ಕೈಯಾರೆ ಚಮಚ ಹಿಡಿದಿದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಇಂತಹ ಸಿರಪ್ ಕೊಡಲೇಬಾರದೆಂದೂ, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಸಲ್ಲದೆಂದೂ ಕೇಂದ್ರದ ಆರೋಗ್ಯಾಧಿಕಾರಿಗಳು ಆಗ ತಿಳಿಸಿದರು. ವಿಷವಿಲ್ಲದ ಸಿರಪ್ಪೂ ಈ ಕೆಮ್ಮಿನ ಮೂಲವನ್ನು ಮುಟ್ಟುವುದಿಲ್ಲ. ಮಗುವಿನ ಮೂಗಿಗೆ ಎರಡು ಹನಿ ಉಪ್ಪುನೀರು ಬಿಟ್ಟು ಮೂಗನ್ನು ಸ್ವಚ್ಛಗೊಳಿಸುವುದೇ ಬಹುಸಲ ಸಾಕು.

ಎಲ್ಲ ದೀರ್ಘ ಕೆಮ್ಮೂ ಮೂಗಿನದೆಂದು ತಿಳಿಯುವುದೂ ತಪ್ಪಾದೀತು. ಎರಡು ವಾರ ಮೀರಿದ ಕೆಮ್ಮಿಗೆ ಕ್ಷಯದ ಪರೀಕ್ಷೆಯಾಗಬೇಕೆಂಬುದು ನಮ್ಮ ದೇಶದ ನಿಯಮ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ. ರಕ್ತದೊತ್ತಡಕ್ಕೆ ಕೊಡುವ ಎನಲಾಪ್ರಿಲ್, ರಾಮಿಪ್ರಿಲ್ ಮಾತ್ರೆಗಳೂ ಕೆಲವರಲ್ಲಿ ಒಣಕೆಮ್ಮನ್ನು ತರುತ್ತವೆ. ಹೊಟ್ಟೆಯ ಆಮ್ಲ ಮೇಲೇರಿದರೂ, ಆಸ್ತಮಾ ಇದ್ದರೂ ಕೆಮ್ಮು ರಾತ್ರಿಯೇ ಕಾಡುತ್ತದೆ, ಒಬ್ಬರಲ್ಲಿಯೇ ಎರಡು ಕಾರಣಗಳು ಕೂಡಿರುವುದೂ ಉಂಟು. ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕದ ಇಳಿತ, ಏದುಸಿರು, ಎದೆಯಲ್ಲಿ ಸುಯ್ಯೆಂಬ ಸದ್ದು, ಧ್ವನಿ ಒಡೆದು ಮೂರು ವಾರವಾದರೂ ಸರಿಯಾಗದಿರುವುದು, ಇವುಗಳಲ್ಲಿ ಒಂದು ಕಂಡರೂ ಗಿಂಡಿಯನ್ನು ಬದಿಗಿಟ್ಟು ವೈದ್ಯರ ಬಳಿಗೆ ಹೋಗತಕ್ಕದ್ದು.

ಅತ್ತೆಯವರಿಗೆ ಆ ವೈದ್ಯರು ಬರೆದುಕೊಟ್ಟದ್ದು ಬೆಳಿಗ್ಗೆ ಸಂಜೆ ಉಪ್ಪುನೀರು, ಅದಾದ ಮೇಲೆ ಸ್ಪ್ರೇ, ಮಂಚದ ತಲೆಭಾಗದ ಕಾಲುಗಳ ಕೆಳಗೆ ಒಂದೊಂದು ಇಟ್ಟಿಗೆ, ಹತ್ತಿಯ ಹಳೆಯ ದಿಂಬಿಗೆ ವಿದಾಯ, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ದೇವರ ಮುಂದೆ ಊದುಬತ್ತಿಯ ಬದಲು ತುಪ್ಪದ ದೀಪ. ಮೊದಲ ವಾರ ವ್ಯತ್ಯಾಸವೇನೂ ಕಾಣಲಿಲ್ಲ, ಅವರು ಬೇಸರಗೊಂಡು ಹಳೆಯ ಸಿರಪ್ಪಿನ ಸೀಸೆಯನ್ನು ಹುಡುಕಿದ್ದೂ ಉಂಟು. ಮೂರನೆಯ ವಾರದ ಒಂದು ರಾತ್ರಿ ನನಗೆ ತಾನಾಗಿ ಎಚ್ಚರವಾಯಿತು. ನಡುಕೋಣೆಯಲ್ಲಿ ಸದ್ದಿರಲಿಲ್ಲ. ಗಾಬರಿಯಿಂದ ಹೋಗಿ ನೋಡಿದೆ: ಎತ್ತರಿಸಿದ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿ, ಬಾಯಿ ಮುಚ್ಚಿಕೊಂಡು, ಮೂಗಿನಿಂದ ಉಸಿರಾಡುತ್ತ ನಿದ್ರಿಸುತ್ತಿದ್ದರು.